ಹಿತ್ತಿಲಿನ ಮಣ್ಣಿನ ಅಗ್ಗಿಷ್ಟಿಕೆ: ಎರಡು ಒಡೆದವು, ಮೂರನೆಯದು ನಿಂತಿದೆ

ಮೊದಲನೆಯದನ್ನು ನಾನು ಕಟ್ಟಲಿಲ್ಲ, ದುಡ್ಡು ಕೊಟ್ಟು ತಂದೆ. ಹೂಕುಂಡ ಮಾರುವ ಅಂಗಡಿಯೊಂದರ ಮುಂದೆ ನಿಂತಿತ್ತು. ದಪ್ಪ ಹೊಟ್ಟೆಯ ಗಡಿಗೆ, ಮುಂದೆ ಒಂದು ಬಾಯಿ, ಮೇಲೆ ಉದ್ದ ಕತ್ತು. ಮೆಕ್ಸಿಕೋ ದೇಶದವರ ಹಳೇ ಒಲೆ ಅದು. ಚಿಮಿನಿಯಾ ಅನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗಂದರೆ ಹೊಗೆಗೂಡು, ಅಷ್ಟೇ. ಬಯಲಲ್ಲಿ ಹಾಕಿದ ಬೆಂಕಿ ಗಾಳಿ ಬಂದ ಕಡೆಗೆಲ್ಲ ಹೊಗೆ ಉಗುಳುತ್ತೆ. ಇದರಲ್ಲಿ ಹೊಗೆ ಕತ್ತಿನಿಂದ ಮೇಲಕ್ಕೆ ಹೋಗುತ್ತೆ, ಬಿಸಿ ಬಾಯಿಯಿಂದ ನಮ್ಮ ಕಡೆಗೆ ಬರುತ್ತೆ.

ಮೈಸೂರಿನ ವಿಜಯನಗರ 4ನೇ ಹಂತದಲ್ಲಿ ನಮ್ಮ ಮನೆ. ಹಿಂದೆ 12 ಅಡಿ ಜಾಗ ಬಿಟ್ಟಿದ್ದೇವೆ. ಒಂದು ಕರಿಬೇವು, ಒಂದು ನುಗ್ಗೆ, ಮೂಲೆಯಲ್ಲಿ ಬಾಳೆ. ಮೈಸೂರಿನದು ಏನು ಮಹಾ ಚಳಿ ಅಂತ ನೀವು ನಗಬಹುದು. ನಿಜ, ಧನುರ್ಮಾಸದಲ್ಲೂ ರಾತ್ರಿ 15–16 ಡಿಗ್ರಿಗೆ ಇಳಿದರೆ ಹೆಚ್ಚು. ಆದರೆ ಸೊಗಡಿನ ಅವರೆಕಾಯಿ ಬರುವ ಕಾಲ ಅದು. ಮೊಬೈಲ್ ಬಿಟ್ಟು ಮನೆಯವರೆಲ್ಲ ಒಂದು ಕಡೆ ಕೂರೋಕೆ ನನಗೊಂದು ನೆವ ಬೇಕಿತ್ತು.

ತಂದ ಸಂಜೆಯೇ ಸರ್ವೆ ಸೌದೆ ತುಂಬಿ ಚೆನ್ನಾಗಿ ಉರಿ ಹಾಕಿದೆ. ಅರ್ಧ ಗಂಟೆ ಆಗಿರಲಿಲ್ಲ, ಟಪ್ ಅಂದಿತು. ಕತ್ತಿನ ಬುಡದಿಂದ ಬಾಯಿಯವರೆಗೆ ಸೀಳು. ಆ ರಾತ್ರಿ ಮಾರಿದವನನ್ನು ಬೈದುಕೊಂಡು ಮಲಗಿದೆ. ಈಗ ಯೋಚಿಸಿದರೆ ತಪ್ಪು ಮುಕ್ಕಾಲು ಪಾಲು ನನ್ನದೇ. ವಾರಗಟ್ಟಲೆ ಅಂಗಡಿ ಮುಂದೆ ಮಳೆಯಲ್ಲಿ ನೆನೆದಿದ್ದ ಗಡಿಗೆ ಅದು. ಸುಟ್ಟ ಮಣ್ಣು ನೀರು ಕುಡಿಯುತ್ತೆ. ಬೇಸಿಗೆಯಲ್ಲಿ ಮಡಕೆ ನೀರು ತಣ್ಣಗಿರೋದು ಅದಕ್ಕೇ ಅಲ್ವಾ? ಹಾಗೆ ಗೋಡೆಯೊಳಗೆ ಕೂತ ನೀರು ಒಮ್ಮೆಗೇ ಆವಿಯಾದರೆ ಅದಕ್ಕೆ ಸಾವಿರದ ಆರುನೂರು ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಹೋಗೋಕೆ ದಾರಿ ಇಲ್ಲದಿದ್ದರೆ ದಾರಿ ಮಾಡಿಕೊಳ್ಳುತ್ತೆ. ಸಾಲದ್ದಕ್ಕೆ ತಳಕ್ಕೆ ಮೂರ್ನಾಲ್ಕು ಇಂಚು ಮರಳು ಹಾಕಬೇಕಿತ್ತು. ಅದನ್ನೂ ಹಾಕಿರಲಿಲ್ಲ, ಕೆಂಡ ನೇರ ಮಣ್ಣಿನ ಮೇಲೆ ಬಿದ್ದಿತ್ತು. ಹೊಸ ಗಡಿಗೆಗೆ ಮೊದಲ ನಾಲ್ಕೈದು ಸಲ ಪುಟ್ಟ ಉರಿ ಹಾಕಿ ಪಳಗಿಸಬೇಕು ಅನ್ನೋದು ಆಮೇಲೆ ತಿಳಿಯಿತು. ಚೂರುಗಳನ್ನು ಬಿಸಾಡಲಿಲ್ಲ. ಗೋಣಿಚೀಲಕ್ಕೆ ತುಂಬಿ ಮೂಲೆಗೆ ಇಟ್ಟೆ.

ಇನ್ನೊಂದು ಕೊಳ್ಳೋಕೆ ಮನಸ್ಸು ಬರಲಿಲ್ಲ. ನಾವೇ ಯಾಕೆ ಕಟ್ಟಬಾರದು ಅನ್ನಿಸಿತು. ನಾನು ಹುಟ್ಟಿದ್ದು ಪಾಂಡವಪುರದ ಕಡೆ ಹಳ್ಳಿಯಲ್ಲಿ. ಅಮ್ಮ ಪ್ರತಿ ವರ್ಷ ಒಲೆ ಮೆತ್ತೋದು, ಕೋಡೊಲೆ ತಿದ್ದೋದು ನೋಡಿಕೊಂಡೇ ಬೆಳೆದವನು. ಆಮೇಲೆ ಮನೆಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಅನ್ನುವ ತಂಡ ರೂಪಿಸಿದ ಒಲೆ ಅದು. ಕೆಳಗೆ ಕಂಬಿ, ಕಂಬಿಯ ಕೆಳಗಿಂದ ಗಾಳಿ, ಮೂರು ಪಾತ್ರೆ ದಾಟಿ ಹೊಗೆ ಕೊಳವೆಯಿಂದ ಹೊರಗೆ. ಅಡುಗೆಮನೆಯ ತೊಲೆ ಕಪ್ಪಾಗೋದು ನಿಂತಿದ್ದೇ ಆವಾಗ. ಇಷ್ಟೆಲ್ಲ ನೋಡಿದ ಮೇಲೆ ನನಗೆ ಇದು ಯಾವ ಲೆಕ್ಕ ಅಂದುಕೊಂಡೆ.

ಊರಿಂದ ಕೆರೆ ಗೋಡು ತರಿಸಿದೆ. ಬೆಣ್ಣೆ ಥರ ಇತ್ತು, ಒಂದು ಕಲ್ಲಿಲ್ಲ. ಒಳ್ಳೇ ಮಣ್ಣು ಅಂತ ಖುಷಿಯಾಗಿ ಬರೀ ಅದನ್ನೇ ಕಲಸಿ, ಸ್ವಲ್ಪ ಸಗಣಿ ಸೇರಿಸಿ, ಎರಡೇ ಭಾನುವಾರದಲ್ಲಿ ಕಟ್ಟಿ ಮುಗಿಸಿದೆ. ಕತ್ತಿಗೆ ಅಚ್ಚಾಗಿ 4 ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ ಸುತ್ತ ಮೆತ್ತಿದೆ. ನಾಲ್ಕನೇ ದಿನಕ್ಕೆ ಮೈತುಂಬ ಬಿರುಕು, ಬತ್ತಿದ ಕೆರೆಯ ನೆಲದ ಹಾಗೆ. ಕತ್ತಂತೂ ಪೈಪಿನ ಸುತ್ತ ಉದ್ದಕ್ಕೆ ಸೀಳಿಬಿಟ್ಟಿತ್ತು. ಪರವಾಗಿಲ್ಲ ಅಂತ ತೇಪೆ ಹಾಕಿ ಒಂದು ಸಲ ಉರಿ ಹಾಕಿ ನೋಡಿದೆ. ಹೊಗೆಯೆಲ್ಲ ಬಾಯಿಂದಲೇ ಬಂತು. ಪಕ್ಕದ ಮನೆಯವರು ಮಹಡಿಯಿಂದ ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಮುಂದಿನ ಸಲ ಊರಿಗೆ ಹೋದಾಗ ಆಲೆಮನೆಗೆ ಒಲೆ ಮೆತ್ತುವ ಒಬ್ಬರನ್ನು ಹುಡುಕಿಕೊಂಡು ಹೋದೆ. ನಮಗೆ ದೂರದ ನೆಂಟರು, ಮಾವ ಅಂತಲೇ ಕರೆಯೋದು. ಕೊಪ್ಪರಿಗೆ ಕೂರುವ ಆ ಒಲೆಗೆ ದಿನವಿಡೀ ಕಬ್ಬು ಹಿಂಡಿ ಉಳಿದ ರಚ್ಚು ತುರುಕುತ್ತಲೇ ಇರುತ್ತಾರೆ. ಅಂಥ ಉರಿಗೆ ನಿಲ್ಲುವ ಮಣ್ಣು ಕಲಸುವವರಿಗೆ ನನ್ನದು ಮಕ್ಕಳಾಟ. ಫೋಟೋ ತೋರಿಸಿದೆ. ಒಂದು ಕ್ಷಣ ನೋಡಿ ಮೊಬೈಲ್ ವಾಪಸ್ ಕೊಟ್ಟರು.

“ಏನ್ಲಾ ಮಗ, ಬರೀ ಗೋಡು ಹಾಕ್ಬುಟ್ಟಿದ್ದೀಯಲ್ಲ. ಅದು ಒಡೀದೆ ಇನ್ನೇನ್ ಮಾಡ್ತದೆ? ಮಣ್ಣ್ಗೆ ಮೂಳೆ ಬೇಕು ಕಣ್ಲಾ.”

ಮೂಳೆ ಅಂದರೆ ಮರಳು, ಇಟ್ಟಿಗೆ ಪುಡಿ, ಹುಲ್ಲು. ನಾನು ಒಳ್ಳೇ ಮಣ್ಣು ಅಂದುಕೊಂಡಿದ್ದೇ ಕೆಟ್ಟದಾಗಿತ್ತು. ಜಿಗುಟು ಜಾಸ್ತಿ ಇದ್ದಷ್ಟೂ ಮಣ್ಣು ನೀರು ಜಾಸ್ತಿ ಹಿಡಿಯುತ್ತೆ, ಒಣಗುವಾಗ ಅಷ್ಟೇ ಜಾಸ್ತಿ ಕುಗ್ಗುತ್ತೆ. ಮರಳು ಕುಗ್ಗೋದಿಲ್ಲ. ಒಮ್ಮೆ ಸುಟ್ಟ ಇಟ್ಟಿಗೆಯ ಪುಡಿಯೂ ಅಷ್ಟೇ, ಅದರ ಕುಗ್ಗಾಟವೆಲ್ಲ ಗೂಡಿನಲ್ಲೇ ಮುಗಿದಿರುತ್ತೆ. ನಮ್ಮ ಕಡೆಯವರಿಗೆ ಇಟ್ಟಿಗೆ ಪುಡಿ ಹೊಸದೇನಲ್ಲ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿರೋದು ಸಿಮೆಂಟಲ್ಲ, ಸುಣ್ಣಕ್ಕೆ ಈ ಪುಡಿ ಬೆರೆಸಿದ ಸುರ್ಕಿ ಗಾರೆ. ಅಲ್ಲಿ ಅದು ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತೆ, ಇಲ್ಲಿ ಬರೀ ಮೂಳೆ ಕೆಲಸ.

ಮಾವ ಇನ್ನೊಂದು ಹೇಳಿದರು, ಹುತ್ತದ ಮಣ್ಣು ಸೇರಿಸು ಅಂತ. ಗೆದ್ದಲು ಜೊಲ್ಲು ಹಾಕಿ ಕಟ್ಟಿದ ಮಣ್ಣು, ಬೇಗ ಕರಗೋದಿಲ್ಲ. ಅಲ್ಲಿಗೆ ಬಂತು ನೋಡಿ ತಾಪತ್ರಯ. ಷಷ್ಠಿಗೆ ತನಿ ಎರೆಯುವ ಹುತ್ತಕ್ಕೆ ಗುದ್ದಲಿ ಹಾಕೋಕೆ ಯಾರು ಬಿಡ್ತಾರೆ? ನಮ್ಮತ್ತೆ ವಿಷಯ ಕೇಳಿಯೇ ಕೈ ಮುಗಿದರು. ಕೊನೆಗೆ ಬದುವಿನ ಪಕ್ಕ ಮಳೆಗೆ ಕುಸಿದು ಬಿದ್ದಿದ್ದ, ಯಾರೂ ಪೂಜೆ ಮಾಡದ ಒಂದು ಹಳೇ ಹುತ್ತದಿಂದ ಎರಡು ಚೀಲ ತಂದೆ. ಖಾಲಿಯೇ ಅಂತ ಕೋಲಿನಲ್ಲಿ ತಟ್ಟಿ ನೋಡಿಕೊಂಡೇ ಕೈ ಹಾಕಿದೆ. ಹಾವು ಹುತ್ತ ಕಟ್ಟೋದಿಲ್ಲ, ಆದರೆ ಖಾಲಿ ಮನೆ ಸಿಕ್ಕರೆ ಬಿಡೋದೂ ಇಲ್ಲ.

ಈ ಸಲ ಆತುರ ಮಾಡಲಿಲ್ಲ. ಮೊದಲು ಹತ್ತು ಇಂಚು ಉದ್ದದ ಹಲಗೆ ಚೌಕಟ್ಟು ಮಾಡಿಕೊಂಡೆ. ಕಲಸಿದ ಮಣ್ಣನ್ನು ಅದರಲ್ಲಿ ತುಂಬಿ, ನೆರಳಲ್ಲಿ ಒಣಗಿಸಿ, ತುದಿಯಲ್ಲಿ ಎಷ್ಟು ಸಂದು ಬಿಟ್ಟಿದೆ ಅಂತ ಅಳೆದೆ. ಬರೀ ಗೋಡು ಮುಕ್ಕಾಲು ಇಂಚು ಕುಗ್ಗಿತ್ತು. ಬೇರೆ ಬೇರೆ ಅಳತೆಯಲ್ಲಿ ನಾಲ್ಕು ಸಲ ಮಾಡಿದ ಮೇಲೆ ಸಂದು ಎರಡು ನೂಲಿಗೆ, ಅಂದರೆ ಕಾಲು ಇಂಚಿಗೆ ಇಳಿಯಿತು. ಆ ಅಳತೆ ಇಷ್ಟು: ಗೋಡು, ಹುತ್ತದ ಮಣ್ಣು ಸಮ ಸೇರಿ ನಾಲ್ಕು ಬಾಂಡ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಮೂರು, ಇಟ್ಟಿಗೆ ಪುಡಿ ಎರಡು, ಬೆರಳುದ್ದ ಕತ್ತರಿಸಿದ ಭತ್ತದ ಹುಲ್ಲು ಒಂದು, ಕಲಸೋಕೆ ಸಗಣಿ ಬಗ್ಗಡ. ನಿಮ್ಮ ಮಣ್ಣಿಗೆ ಇದೇ ಲೆಕ್ಕ ಹೊಂದುತ್ತೆ ಅಂತ ತಿಳಿಯಬೇಡಿ. ಚೌಕಟ್ಟಿನಲ್ಲಿ ನೀವೇ ಅಳೆದು ನೋಡಬೇಕು. ಇಟ್ಟಿಗೆ ಪುಡಿಗೆ ನಾನು ಕೊಂಡು ತಂದಿದ್ದ ಆ ಗಡಿಗೆಯ ಚೂರುಗಳನ್ನೂ ಕುಟ್ಟಿ ಹಾಕಿದೆ. ಎರಡನೆಯದು ಸುಡದ ಮಣ್ಣು, ಹಾಗಾಗಿ ಅದನ್ನು ಒಡೆದು ನೆನೆಹಾಕಿದರೆ ಮತ್ತೆ ಮಣ್ಣೇ. ಒಳಗೆ ಕೆಂಪಗೆ ಬೆಂದಿದ್ದ ಚಕ್ಕೆಗಳು ಮಾತ್ರ ಕರಗಲಿಲ್ಲ, ಅವು ಪುಡಿಯ ಗುಂಪಿಗೆ ಹೋದವು.

ಕಲಸಿದ ಮಣ್ಣು ಎಂಟು ದಿನ ಗೋಣಿ ಹೊದ್ದು ಕೊಳೆಯಿತು. ದಿನಾ ಸಂಜೆ ಒಂದು ಸುತ್ತು ತುಳಿಯೋದು. ವಾಸನೆ ಬಗ್ಗೆ ಮನೆಯಲ್ಲಿ ಏನು ಮಾತು ಬಂತು ಅಂತ ಇಲ್ಲಿ ಬರೆಯೋದಿಲ್ಲ. ಎಂಟನೇ ದಿನ ಪೆನ್ಸಿಲ್ ದಪ್ಪ ಹೊಸೆದು ಬೆರಳಿಗೆ ಸುತ್ತಿದರೆ ಹರಿಯಲಿಲ್ಲ. ಮೊದಲ ದಿನ ಅದೇ ಮಣ್ಣು ತುಂಡು ತುಂಡಾಗಿತ್ತು.

ತಳಕ್ಕೆ ಮೂರು ವರಸೆ ಇಟ್ಟಿಗೆ, ಅದರ ಮೇಲೆ ಚಪ್ಪಡಿ ಕಲ್ಲು. ಹೊಟ್ಟೆಗೆ ಅಚ್ಚು ಅಂತ ಹಳೇ ಬಿದಿರಿನ ಮಂಕರಿಯನ್ನು ಬೋರಲು ಹಾಕಿ ಹಳೇ ಪೇಪರ್ ಒದ್ದೆ ಮಾಡಿ ಹೊದಿಸಿದೆ. ಒಳಗೆ 20 ಇಂಚು ಅಗಲ. ಗೋಡೆ ಬುಡದಲ್ಲಿ 3 ಇಂಚು, ಮೇಲೆ ಹೋಗ್ತಾ ಎರಡೂವರೆ. ದಿನಕ್ಕೆ ಐದಾರು ಇಂಚಿಗಿಂತ ಎತ್ತರ ಏರಿಸಲಿಲ್ಲ. ಏರಿಸಿದರೆ ಕೆಳಗಿನದು ಹೊಟ್ಟೆ ಬಿಡುತ್ತೆ. ಬಾಯಿ 11 ಇಂಚು ಅಗಲ, 10 ಇಂಚು ಎತ್ತರ.

ಕತ್ತಿನ ವಿಷಯಕ್ಕೆ ಬರ್ತೀನಿ. ಎರಡನೆಯದು ಹೊಗೆ ಕಕ್ಕಿದ್ದಕ್ಕೆ ಕಾರಣ ಕತ್ತು ಸಣ್ಣದಾಗಿದ್ದು. 4 ಇಂಚಿನ ಬದಲು 6 ಇಂಚು ಮಾಡಿದರೆ ಅಗಲ ಒಂದೂವರೆ ಪಟ್ಟು ಅಷ್ಟೇ, ಆದರೆ ಹೊಗೆ ಹೋಗುವ ದಾರಿ ಎರಡೂಕಾಲು ಪಟ್ಟು ಆಗುತ್ತೆ. ಸರಿ, ಅಚ್ಚಿಗೆ ಏನು? ಪಿವಿಸಿ ಪೈಪ್ ಕುಗ್ಗೋದಿಲ್ಲ. ಮಣ್ಣು ಕುಗ್ಗುತ್ತೆ. ಅಪ್ಪಿಕೊಂಡು ಹಾಗೇ ಸೀಳುತ್ತೆ. ಹಿತ್ತಿಲಲ್ಲಿ ಗೊನೆ ಕಡಿದ ಬಾಳೆ ನಿಂತಿತ್ತು. ಆರಿಂಚು ದಪ್ಪದ ಎರಡು ಅಡಿ ದಿಂಡು ಕೊಯ್ದು ನಿಲ್ಲಿಸಿ ಅದರ ಸುತ್ತ ಮೆತ್ತಿದೆ. ದಿಂಡು ಮಣ್ಣಿನ ಜೊತೆಗೇ ಬಾಡುತ್ತಾ ಹೋಯಿತು. ಹನ್ನೆರಡನೇ ದಿನ ಮೇಲಿನಿಂದ ಹಿಡಿದು ಒಂದು ಸುತ್ತು ತಿರುಗಿಸಿದೆ. ಕೊಳೆತ ಸಿಪ್ಪೆ ಸಮೇತ ಸುರುಳಿಯಾಗಿ ಆಚೆ ಬಂತು. ಒಳಗೆ ಬಾಳೆ ಪಟ್ಟೆಯ ಗೆರೆ ಗೆರೆ ಅಚ್ಚು ಹಾಗೇ ಉಳಿದಿದೆ, ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತೆ. ಒಂದೂ ಬಿರುಕಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅದಕ್ಕೇ ಸಿಕ್ಕಿದವರಿಗೆಲ್ಲ ಹೇಳ್ತೀನಿ. ಮಂಕರಿಯನ್ನು ಬಾಯಿಂದ ಕುಡುಗೋಲು ಹಾಕಿ ಚೂರು ಚೂರಾಗಿ ಕೊಯ್ದು ತೆಗೆದೆ.

ಮೊದಲ ವಾರ ಒದ್ದೆ ಗೋಣಿ ಹೊದಿಸಿ, ಆಮೇಲೆ ಬರೀ ನೆರಳಲ್ಲಿ, ಒಟ್ಟು ಐದು ವಾರ ಒಣಗಿಸಿದೆ. ನಂತರ ತಳಕ್ಕೆ ಮರಳು, ಅದರ ಮೇಲೆ ಗುಜರಿಯಿಂದ ತಂದ ಕಬ್ಬಿಣದ ಜಾಲರಿ. ಮೊದಲ ದಿನ ಒಂದು ಹಿಡಿ ಒಣ ಎಲೆ, ಅಷ್ಟೇ. ಎರಡನೇ ದಿನ ನಾಲ್ಕು ಕಡ್ಡಿ. ಬೆಂಕಿ ಆರಿ ಬೂದಿ ತೆಗೆದ ಮೇಲೆ ಬಾಯಿಗೆ ಹಲಗೆ, ಕತ್ತಿಗೆ ಒಂದು ಸ್ಟೀಲ್ ತಟ್ಟೆ ಮುಚ್ಚಿ ಮಲಗೋದು. ಬೆಳಿಗ್ಗೆ ತಟ್ಟೆ ಮಗುಚಿದರೆ ಹನಿ ಹನಿ ನೀರು. ಗೋಡೆ ಇನ್ನೂ ಬೆವರ್ತಾ ಇದೆ ಅಂತ ಅರ್ಥ. ಏಳನೇ ಬೆಳಿಗ್ಗೆ ತಟ್ಟೆ ಒಣಗಿತ್ತು. ಆವತ್ತು ಮೊದಲ ಸಲ ತೋಳು ದಪ್ಪದ ಸೌದೆ ಹಾಕಿದೆ.

ಕುಂಬಾರರ ಆವಿಗೆಯಲ್ಲಿ ಮಡಕೆ ಇಡೀ ಮೈ ಕೆಂಪಗೆ ಬೇಯುತ್ತೆ. ನಮ್ಮದು ಹಾಗಲ್ಲ. ಉರಿ ತಾಗುವ ಒಳಮೈ ಮಾತ್ರ ಬೆಂದಿದೆ, ಹೊರಮೈ ಇನ್ನೂ ಹಸಿ ಮಣ್ಣೇ. ಅದನ್ನು ಮರೆತು ಬರೀ ಒಂದು ಪ್ಲಾಸ್ಟಿಕ್ ಹೊದಿಸಿಟ್ಟಿದ್ದೆ. ಭರಣಿ ಮಳೆ ಗಾಳಿ ಸಮೇತ ಬಂದು ಪ್ಲಾಸ್ಟಿಕ್ ಹಾರಿಸಿ ಪಡುವಣ ಮೈಯನ್ನು ಅಂಗೈಯಗಲ ಕರಗಿಸಿತು. ಈಗ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿದ್ದೇನೆ, ಕತ್ತಿನ ತುದಿಯಿಂದ ಎರಡೂವರೆ ಅಡಿ ಮೇಲೆ. ಕತ್ತಿನ ತುದಿಗೆ ಕಿಡಿ ಹಾರದ ಹಾಗೆ ತಂತಿ ಬಲೆ. ಬಾಳೆಯ ಒಣ ಎಲೆ ಆಗಾಗ ಕೊಯ್ದುಬಿಡುತ್ತೇನೆ.

ಸೌದೆಗೆ ಹುಣಸೆ, ಹೊಂಗೆ ಚೆನ್ನ. ನೀಲಗಿರಿ ಚಟಪಟ ಸಿಡಿಯುತ್ತೆ, ಮಕ್ಕಳು ಮುಂದೆ ಕೂತಿದ್ದರೆ ಬೇಡ. ತೆಂಗಿನ ಚಿಪ್ಪನ್ನು ನಾನು ಹಾಕೋದೇ ಇಲ್ಲ, ಅದರ ಕಾವು ಒಂದೇ ಕಡೆ ಕೂತುಬಿಡುತ್ತೆ. ಬೇಗ ಆರಿಸಬೇಕು ಅಂತ ನೀರಂತೂ ಎರಚಲೇಬಾರದು. ಗೆಣಸನ್ನು ಉರಿಗೆ ಇಡಬೇಡಿ. ಉರಿ ಇಳಿದ ಮೇಲೆ ಬೂದಿಯಲ್ಲಿ ಹೂತು ಬಾಯಿಗೆ ಹಲಗೆ ಆನಿಸಿಟ್ಟರೆ ಮುಕ್ಕಾಲು ಗಂಟೆಗೆ ಸಿಪ್ಪೆಯಿಂದ ಪಾಕ ಒಸರುತ್ತೆ. ಅವರೆಕಾಯಿ ಉಪ್ಪುನೀರಿನಲ್ಲಿ ಬೇಯಿಸಿ ತಿನ್ನೋದೇ ಸರಿ, ಸುಟ್ಟರೆ ಸೊಗಡು ಹೋಗುತ್ತೆ.

ಪಕ್ಕದ ಮನೆಯವರು ಈಗ ಬಟ್ಟೆ ತೆಗೆಯೋದಿಲ್ಲ. ಹೋದ ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರೋಕೆ ಬಂದವರು ಬೆಂಕಿ ಮುಂದೆ ಒಂಬತ್ತರವರೆಗೆ ಕೂತಿದ್ದರು.

ಕತ್ತಿನ ಬುಡದ ಹಿಂಭಾಗದಲ್ಲಿ ಒಂದು ಕೂದಲೆಳೆ ಬಿರುಕು ಬಂದಿದೆ. ಉರಿ ಜೋರಾದಾಗ ಸ್ವಲ್ಪ ಬಾಯಿ ಬಿಡುತ್ತೆ, ಬೆಳಿಗ್ಗೆ ಹೊತ್ತಿಗೆ ಕೂಡಿಕೊಂಡಿರುತ್ತೆ. ಮಾವನಿಗೆ ಫೋನ್ ಮಾಡಿ ಮೆತ್ತಲಾ ಅಂತ ಕೇಳಿದೆ. “ಹೊಗೆ ಬತ್ತದಾ?” ಅಂದರು. ಇಲ್ಲ ಅಂದೆ. “ಮತ್ತೆ ಸುಮ್ನೆ ಯಾಕ್ಲಾ ಕೆರೀತೀಯ” ಅಂತ ಫೋನಿಟ್ಟರು.