ಚಳವಳಿ ಕಟ್ಟುವುದು ಹೇಗೆ? ಮೈಕಿಗೆ ಮೊದಲು ನೋಟ್‌ಬುಕ್

ಹೊಸ ಚಳವಳಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲ ಸಂಜೆಯೇ ಮೂರು ಕೆಲಸ ಮುಗಿಸಿಬಿಡುತ್ತಾರೆ: ಹೆಸರಿಡುತ್ತಾರೆ, ಲಾಂಛನ ಬರೆಸುತ್ತಾರೆ, ವಾಟ್ಸ್‌ಆ್ಯಪ್ ಗುಂಪು ತೆರೆಯುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಆ ಗುಂಪಿನಲ್ಲಿ ಶುಭೋದಯದ ಚಿತ್ರಗಳು ಮಾತ್ರ ಓಡಾಡುತ್ತಿರುತ್ತವೆ. ಹೆಸರಿಗೂ ಲಾಂಛನಕ್ಕೂ ಅವಸರವಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಹೊರಡಿ.

ಮೊದಲ ಹೆಜ್ಜೆ: ಕೇಳಿಸಿಕೊಳ್ಳುವುದು

ಮೂವತ್ತು ನಲವತ್ತು ಜನರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿ. ಕರಪತ್ರ ಕೊಟ್ಟು ಬರುವ ಭೇಟಿಯಲ್ಲ ಇದು. ಅರ್ಧ ಗಂಟೆ ಕುಳಿತು ಮಾತನಾಡುವ ಭೇಟಿ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದೇನು, ಅದಕ್ಕಾಗಿ ಈವರೆಗೆ ಏನು ಮಾಡಿ ನೋಡಿದ್ದೀರಿ, ಕಷ್ಟ ಬಂದಾಗ ಯಾರ ಸಲಹೆ ಕೇಳುತ್ತೀರಿ ಎಂದು ವಿಚಾರಿಸಿ. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಹತ್ತಾರು ಜನ ಒಂದೇ ಹೆಸರನ್ನು ಹೇಳಿದರೆ ಆ ವ್ಯಕ್ತಿಯೇ ನಿಮ್ಮ ಚಳವಳಿಯ ಆಧಾರಸ್ತಂಭ. ಅವರಿಗೆ ಬಹುಶಃ ಯಾವ ಹುದ್ದೆಯೂ ಇರುವುದಿಲ್ಲ, ವೇದಿಕೆ ಹತ್ತಿ ಅಭ್ಯಾಸವೂ ಇರುವುದಿಲ್ಲ. ಅದೇ ಅವರ ಬಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಕಾರ್ಮಿಕರನ್ನು ಸಂಘಟಿಸಿದ ಸೀಸರ್ ಚಾವೆಜ್ 1962ರಲ್ಲಿ ಕೆಲಸ ಶುರು ಮಾಡಿದ್ದು ಹೀಗೆಯೇ, ಕಾರ್ಮಿಕರ ಮನೆಗಳಲ್ಲಿ ನಡೆಸಿದ ಸಣ್ಣ ಬೈಠಕ್‌ಗಳಿಂದ. ಅವರನ್ನು ಜಗತ್ತಿಗೆ ಪರಿಚಯಿಸಿದ ದ್ರಾಕ್ಷಿ ತೋಟಗಳ ಮುಷ್ಕರ ನಡೆದದ್ದು 1965ರಲ್ಲಿ. ನಡುವಿನ ಮೂರು ವರ್ಷಗಳ ಫೋಟೊ ಪತ್ರಿಕೆಗಳಲ್ಲಿ ಹೆಚ್ಚು ಸಿಗುವುದಿಲ್ಲ.

ಎರಡನೆಯದು: ಒಂದೇ ಬೇಡಿಕೆ

ಎಲ್ಲ ಹೊಸಬರೂ ಎಡವುವುದು ಇಲ್ಲಿಯೇ. ಇಪ್ಪತ್ತೊಂದು ಬೇಡಿಕೆಗಳ ಮನವಿ ಪತ್ರ ಸಿದ್ಧವಾಗುತ್ತದೆ, ಯಾರಿಗೂ ಬೇಸರವಾಗಬಾರದೆಂದು ಎಲ್ಲರದ್ದನ್ನೂ ಸೇರಿಸಲಾಗುತ್ತದೆ. ಅದನ್ನು ಸ್ವೀಕರಿಸುವ ಅಧಿಕಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಸುಲಭದ ಎರಡನ್ನು ಒಪ್ಪಿಕೊಂಡು ಉಳಿದ ಹತ್ತೊಂಬತ್ತನ್ನು ‘ಪರಿಶೀಲನೆಯಲ್ಲಿ’ ಇಟ್ಟರೆ ಅವರ ಕೆಲಸ ಮುಗಿಯಿತು.

1930ರ ಜನವರಿಯಲ್ಲಿ ದೇಶ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತ್ತು. ಗುರಿ ಅಷ್ಟು ದೊಡ್ಡದಿದ್ದರೂ ಗಾಂಧೀಜಿ ಹಿಡಿಗೆ ಸಿಗುವಂಥದ್ದೊಂದನ್ನು ಹುಡುಕಿದರು: ಉಪ್ಪು. ಜೊತೆಯಲ್ಲಿದ್ದ ನಾಯಕರಲ್ಲೇ ಕೆಲವರು ಹುಬ್ಬೇರಿಸಿದರು. ಆದರೆ ಉಪ್ಪಿನ ತೆರಿಗೆ ಕಡುಬಡವನನ್ನೂ ಬಿಟ್ಟಿರಲಿಲ್ಲ. ಆ ಕಾನೂನನ್ನು ಮುರಿಯಲು ಕಡಲ ತೀರದಲ್ಲಿ ಒಮ್ಮೆ ಬಗ್ಗಿ ಏಳುವುದಷ್ಟೇ ಸಾಕಿತ್ತು. ಮಾರ್ಚ್ 12ರಂದು 78 ಜನರೊಂದಿಗೆ ಸಾಬರಮತಿಯಿಂದ ಹೊರಟ ನಡಿಗೆ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತುವ ಹೊತ್ತಿಗೆ ಕಾನೂನುಭಂಗ ಹೇಗೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ.

ನಿಮ್ಮ ಬೇಡಿಕೆಯನ್ನೂ ಹೀಗೆ ಒರೆಗೆ ಹಚ್ಚಿ. ಒಂದೇ ವಾಕ್ಯದಲ್ಲಿ ಹೇಳಬಹುದೇ? ‘ಕೊಟ್ಟೆ’ ಎನ್ನುವ ಅಧಿಕಾರ ಯಾರಿಗಿದೆ? ಕೊಟ್ಟಿದ್ದಾರೋ ಇಲ್ಲವೋ ಎಂದು ಯಾರು ಬೇಕಾದರೂ ಹೋಗಿ ನೋಡಬಹುದೇ? ‘ಭ್ರಷ್ಟಾಚಾರ ತೊಲಗಲಿ’ ಈ ಪರೀಕ್ಷೆಯಲ್ಲಿ ನಪಾಸಾಗುತ್ತದೆ. ‘ಕಾಮಗಾರಿಯ ಬಿಲ್ಲುಗಳ ಪ್ರತಿ ಕೊಡಿ’ ಪಾಸಾಗುತ್ತದೆ.

ಮೂರನೆಯದು: ತಂಡ ಮತ್ತು ಹಣ

ಐದರಿಂದ ಒಂಬತ್ತು ಜನ ಸಾಕು. ಸಂಚಾಲಕರು, ಖಜಾಂಚಿ, ನಡಾವಳಿ ಬರೆಯುವವರು, ಹೊಸಬರನ್ನು ಸಂಪರ್ಕಿಸುವವರು, ಪತ್ರಿಕೆಗಳೊಂದಿಗೆ ಮಾತನಾಡುವವರು. ‘ನಮ್ಮಲ್ಲಿ ನಾಯಕರೇ ಇಲ್ಲ’ ಎಂದು ಹೆಮ್ಮೆಪಡುವ ಗುಂಪುಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಅಲ್ಲಿ ನಾಯಕರು ಇದ್ದೇ ಇರುತ್ತಾರೆ. ಅವರನ್ನು ಆರಿಸುವ, ಇಳಿಸುವ ದಾರಿ ಮಾತ್ರ ಇರುವುದಿಲ್ಲ. ನಿರ್ಣಯ ಬಹುಮತದಿಂದಲೋ ಸಹಮತದಿಂದಲೋ, ಜವಾಬ್ದಾರಿ ಎಷ್ಟು ತಿಂಗಳಿಗೊಮ್ಮೆ ಬದಲಾಗಬೇಕು ಎಂಬುದನ್ನು ಜಗಳ ಹುಟ್ಟುವ ಮೊದಲೇ ಬರೆದಿಡಿ. ಒಬ್ಬೊಬ್ಬರ ಜೊತೆಗೂ ಆ ಕೆಲಸ ಕಲಿಯುವ ಇನ್ನೊಬ್ಬರಿರಲಿ.

ಹಣವನ್ನು ಸದಸ್ಯರಿಂದಲೇ, ಸಣ್ಣ ಮೊತ್ತದಲ್ಲಿ ಎತ್ತಿ. ಚಾವೆಜ್ ಅವರ ಸಂಘ ಬಡ ಕೂಲಿಕಾರರಿಂದಲೂ ತಿಂಗಳಿಗೆ 3.50 ಡಾಲರ್ ಚಂದಾ ಪಡೆಯುತ್ತಿತ್ತು. ಚಂದಾ ಕೊಟ್ಟವರು ಸಭೆಗೆ ಬಂದು ಲೆಕ್ಕ ಕೇಳುತ್ತಾರೆ, ಕೇಳಲಿ. ಒಬ್ಬನೇ ದೊಡ್ಡ ದಾನಿಯ ಹಣದಲ್ಲಿ ನಡೆಯುವ ಹೋರಾಟದ ಬೇಡಿಕೆ ಮೆಲ್ಲಗೆ ಆ ದಾನಿಯ ಅನುಕೂಲಕ್ಕೆ ಬಾಗುತ್ತದೆ. ಪ್ರತಿ ಪೈಸೆಗೂ ರಸೀದಿ ಕೊಡಿ, ತಿಂಗಳಿಗೊಮ್ಮೆ ಲೆಕ್ಕಪತ್ರವನ್ನು ಎಲ್ಲರೆದುರು ಓದಿ. ಮುಂದೆ ಚುನಾವಣೆಗೆ ನಿಲ್ಲುವ ಯೋಚನೆಯಿದ್ದರೆ ನೋಂದಣಿ, ದೇಣಿಗೆ ಮತ್ತು ವೆಚ್ಚದ ನಿಯಮಗಳನ್ನು ವಕೀಲರೊಬ್ಬರಿಂದ ಈಗಲೇ ತಿಳಿದುಕೊಳ್ಳಿ.

ನಾಲ್ಕನೆಯದು: ಸಭೆ

ಒಂದು ಗಂಟೆ, ಅದಕ್ಕಿಂತ ಹೆಚ್ಚಲ್ಲ. ಸ್ವಾಗತ ಭಾಷಣ, ಹಾರ ತುರಾಯಿ ಬಿಟ್ಟುಬಿಡಿ. ಬಂದವರಲ್ಲಿ ಯಾರೂ ಬರಿಗೈಯಲ್ಲಿ ಹಿಂತಿರುಗಬಾರದು: ಒಬ್ಬರಿಗೆ ಹತ್ತು ಸಹಿ ತರುವ ಕೆಲಸ, ಇನ್ನೊಬ್ಬರಿಗೆ ಕಚೇರಿಯಿಂದ ಕಡತದ ನಕಲು ತರುವ ಕೆಲಸ, ಎಲ್ಲಕ್ಕೂ ದಿನಾಂಕ. ಚಪ್ಪಾಳೆ ತಟ್ಟಿ ಹೋದವರು ಮುಂದಿನ ಸಭೆಗೆ ಬರುವುದು ಅನುಮಾನ. ಕೆಲಸ ವಹಿಸಿಕೊಂಡು ಹೋದವರು ಬರುತ್ತಾರೆ, ಅಥವಾ ಬರಲಾಗದಿದ್ದಕ್ಕೆ ಫೋನ್ ಆದರೂ ಮಾಡುತ್ತಾರೆ. ಹಾಜರಾತಿ ಲೆಕ್ಕ ಹಾಕುವಾಗ ‘ಬರುತ್ತೇನೆ’ ಎಂದವರ ಸಂಖ್ಯೆಯನ್ನು ಅರ್ಧಕ್ಕಿಳಿಸಿ.

ಐದನೆಯದು: ಬೀದಿಗೆ ಇಳಿಯುವುದು

ಸಹಿ ಸಂಗ್ರಹ, ನಿಯೋಗ, ಬಹಿರಂಗ ವಿಚಾರಣೆ, ಧರಣಿ, ಬಹಿಷ್ಕಾರ. ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ. ಮೊದಲ ದಿನವೇ ಆಮರಣಾಂತ ಉಪವಾಸ ಕುಳಿತರೆ ಎರಡನೆಯ ವಾರಕ್ಕೆ ಏನು ಉಳಿಯುತ್ತದೆ?

ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಬೇಕೆಂಬ ಪದ್ಧತಿಯ ವಿರುದ್ಧ ಅಮೆರಿಕದ ಮಾಂಟ್ಗೊಮರಿ ನಗರದ ಕಪ್ಪು ಜನ ಬಸ್ ಹತ್ತುವುದನ್ನೇ ನಿಲ್ಲಿಸಿದರು. ಆ ಬಹಿಷ್ಕಾರವನ್ನು, ಸೀಟು ಬಿಡಲು ಒಪ್ಪದ ರೋಸಾ ಪಾರ್ಕ್ಸ್ ಎಂಬ ದಣಿದ ಹೆಂಗಸಿನ ಆಕಸ್ಮಿಕ ಸಿಟ್ಟಿನ ಕಥೆಯಾಗಿ ಹೇಳುವವರಿದ್ದಾರೆ. ಆದರೆ ಪಾರ್ಕ್ಸ್ ಆಗಲೇ ವರ್ಷಗಳಿಂದ ಕಪ್ಪು ಜನರ ಹಕ್ಕುಗಳ ಸಂಘಟನೆಯಲ್ಲಿ ದುಡಿಯುತ್ತಿದ್ದ ಕಾರ್ಯಕರ್ತೆ. ಆ ಊರಿನ ಮಹಿಳಾ ರಾಜಕೀಯ ಮಂಡಳಿ 1954ರಲ್ಲೇ ಮೇಯರ್‌ಗೆ ಪತ್ರ ಬರೆದು ಬಹಿಷ್ಕಾರದ ಸೂಚನೆ ಕೊಟ್ಟಿತ್ತು. 1955ರ ಡಿಸೆಂಬರ್ 1ರಂದು ಪಾರ್ಕ್ಸ್ ಬಂಧನವಾದ ರಾತ್ರಿಯೇ ಮಂಡಳಿಯ ಜೋ ಆ್ಯನ್ ರಾಬಿನ್ಸನ್ ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿಸಿದರು. ಹಂಚುವ ಕೈಗಳು ಸಿದ್ಧವಾಗಿದ್ದವು. ಬಸ್ ಬಿಟ್ಟವರು ಕೆಲಸಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ನೂರಾರು ಕಾರುಗಳ ಸರದಿ ವ್ಯವಸ್ಥೆ ಹುಟ್ಟಿಕೊಂಡಿತು. ಅದಿಲ್ಲದಿದ್ದರೆ ಬಹಿಷ್ಕಾರ 381 ದಿನ ನಿಲ್ಲುತ್ತಿರಲಿಲ್ಲ. ಜನರಿಂದ ತ್ಯಾಗ ಕೇಳುವ ಮೊದಲು ಆ ತ್ಯಾಗದ ಭಾರ ಹೊರಲು ಏನು ಏರ್ಪಾಡು ಮಾಡಿದ್ದೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಶಿಸ್ತಿನ ವಿಷಯದಲ್ಲಿ ರಾಜಿ ಬೇಡ. ಮೆರವಣಿಗೆಯಲ್ಲಿ ಒಬ್ಬ ಕಲ್ಲೆಸೆದರೆ ಮರುದಿನದ ಸುದ್ದಿ ಆ ಕಲ್ಲೇ. ಸ್ವಯಂಸೇವಕರಿಗೆ ಮೊದಲೇ ತರಬೇತಿ ಕೊಡಿ, ವಕೀಲರ ಫೋನ್ ಸಂಖ್ಯೆ ಎಲ್ಲರ ಬಳಿ ಇರಲಿ.

ಆರನೆಯದು: ಆಶ್ವಾಸನೆ ಬಂದಾಗ

ಎದುರಾಳಿ ಬೈದಾಗ ಚಳವಳಿ ಒಗ್ಗಟ್ಟಾಗುತ್ತದೆ, ಒಳ್ಳೆಯ ಮಾತನಾಡಿದಾಗ ಒಡೆಯುತ್ತದೆ. ಕೆಲವರಿಗೆ ಗೆದ್ದಂತೆ ಕಾಣುತ್ತದೆ, ಕೆಲವರಿಗೆ ಮೋಸ ಹೋದಂತೆ. ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಜನರೇ ನೋಡುವ ಹಕ್ಕಿಗಾಗಿ ಹೋರಾಡಿದ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಶುರುವಾದದ್ದು 1990ರಲ್ಲಿ. ಕಡತದ ನಕಲು ಕೊಡಿಸುತ್ತೇವೆಂಬ ಸರ್ಕಾರದ ಮಾತು ಕಾಗದಕ್ಕೆ ಇಳಿಯದಿದ್ದಾಗ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತಿತು. ಆ ಹಕ್ಕನ್ನು ಕೊಡುವ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ.

ಆದ್ದರಿಂದ ಅಧಿಕಾರಿಯೋ ಮಂತ್ರಿಯೋ ಧರಣಿಯ ಪೆಂಡಾಲ್‌ಗೆ ಬಂದು ‘ಆಗಲಿ, ಮಾಡಿಕೊಡೋಣ’ ಎಂದರೆ ಅಲ್ಲೇ ಲಿಖಿತವಾಗಿ ಪಡೆಯಿರಿ. ಅದರಲ್ಲಿ ಸಹಿ, ಮೊಹರು, ಗಡುವು ಮೂರೂ ಇರಲಿ. ಒಪ್ಪುವ ನಿರ್ಧಾರ ಮುಖಂಡರದ್ದಲ್ಲ, ಸಭೆಯದ್ದು. ಓದಿ ಹೇಳಿ, ಕೈ ಎತ್ತಿಸಿ. ಗಡುವಿನ ದಿನ ಕಚೇರಿಗೆ ಹೋಗಿ ವಿಚಾರಿಸಬೇಕಾದ ಇಬ್ಬರ ಹೆಸರನ್ನು ಪೆಂಡಾಲ್ ಬಿಚ್ಚುವ ಮೊದಲೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.