ಗೋದಲಿ ಖಾಲಿ ಇರುವ ನಾಲ್ಕು ವಾರ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಯುವಿಕೆಗೆ ಆಗಮನ ಕಾಲ (ಅಡ್ವೆಂಟ್) ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಶುರುವಾಗುವುದು ಒಂದು ಹಿತ್ತಾಳೆ ಹರಿವಾಣವನ್ನು ಹುಣಸೆಹಣ್ಣು ಹಾಕಿ ತಿಕ್ಕುವುದರಿಂದ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಯಾವುದೋ ಅದರ ಹಿಂದಿನ ಶನಿವಾರ ಸಂಜೆ ಈ ಕೆಲಸ. ಹರಿವಾಣ ನನ್ನ ಅಜ್ಜಿಯದು. ಅದರಲ್ಲಿ ಒದ್ದೆ ಮರಳು ತುಂಬಿ ನಾಲ್ಕು ಮೇಣದಬತ್ತಿ ಸುತ್ತ, ಒಂದು ನಡುವೆ ನಿಲ್ಲಿಸುತ್ತೇವೆ. ಹನ್ನೊಂದು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ನನ್ನ ತವರು ಉಡುಪಿ ಕಡೆಯ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಭೆಯದು. ಗಂಡನ ಮನೆ ಕಾರ್ಕಳ ಕಡೆಯ ಕೊಂಕಣಿ ಕ್ಯಾಥೊಲಿಕರದು. ನಮ್ಮಲ್ಲಿ ರಾತ್ರಿ ಊಟಕ್ಕೆ ಮೊದಲು ಮನೆ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಒಂದು ಗೀತೆ, ಸತ್ಯವೇದದ (ಬೈಬಲಿನ) ಒಂದು ಭಾಗ, ಅಪ್ಪನ ಪ್ರಾರ್ಥನೆ. ಅವರಲ್ಲಿ ಅದೇ ಹೊತ್ತಿಗೆ ಜಪಸರ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನಮ್ಮಿಬ್ಬರಿಂದ ಎರಡೂ ಕೈಬಿಟ್ಟವು. ಡಿಸೆಂಬರ್ ಬರುತ್ತಿತ್ತು, ಕೇಕ್ ತರುತ್ತಿದ್ದೆವು, ಹಬ್ಬ ಮುಗಿಯುತ್ತಿತ್ತು. ನವೆಂಬರ್ ಮಧ್ಯದಲ್ಲೇ ಮಾಲ್‌ಗಳಲ್ಲಿ ಕ್ರಿಸ್ಮಸ್ ಮರ ನಿಂತಿರುತ್ತದೆ ಅಲ್ವಾ? ಇಪ್ಪತ್ತೈದನೇ ತಾರೀಕು ಬರುವಷ್ಟರಲ್ಲಿ ಮಕ್ಕಳಿಗೆ ಅದು ಹಳೆಯ ಸಮಾಚಾರ. ಕಾಯುವುದು ಅಂದರೆ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ನನಗೆ ಅದು ತುಂಬಾ ಚುಚ್ಚುತ್ತಿತ್ತು. ಅವರ ಕಣ್ಣಿಗೆ ಕಾಣುವ ಹಾಗೆ, ಕೈಯಲ್ಲಿ ಮುಟ್ಟುವ ಹಾಗೆ ಕಾಯಬೇಕು ಅನ್ನಿಸಿತು.

ಮೊದಲ ವರ್ಷ ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದೆ. ಸರ್ವೆ ಮರದ ರೆಂಬೆ ತಂದು ದುಂಡಗೆ ಕಟ್ಟಿ ಅಡ್ವೆಂಟ್ ಮಾಲೆ ಮಾಡಿದೆ. ಇಪ್ಪತ್ತನಾಲ್ಕು ದಿನಕ್ಕೆ ಇಪ್ಪತ್ತನಾಲ್ಕು ಓದು ಬರೆದಿಟ್ಟೆ, ಕೆಲವು ಒಂದೊಂದು ಅಧ್ಯಾಯದಷ್ಟು ಉದ್ದ. ಆರನೇ ದಿನಕ್ಕೆ ಚಿಕ್ಕವಳು ಓದಿನ ನಡುವೆ ನಿದ್ದೆ ಹೋದಳು, ದೊಡ್ಡವನು ಅತ್ತ. ಎರಡನೇ ಭಾನುವಾರದ ಹೊತ್ತಿಗೆ ಸರ್ವೆ ಸೊಪ್ಪು ಒಣಗಿ ಗರಿಗರಿಯಾಗಿತ್ತು. ಬತ್ತಿಯ ಕಿಡಿ ತಾಗಿದ್ದೇ ಭಗ್ಗೆಂದು ಹತ್ತಿಕೊಂಡಿತು. ಗಂಡ ನೀರಿನ ಚೊಂಬು ಸುರಿದು ಆರಿಸಿದರು. ಮೇಜಿನ ಬಟ್ಟೆ ಸುಟ್ಟಿತು, ಬೇರೇನೂ ಆಗಲಿಲ್ಲ. ಅಂದಿನಿಂದ ಒಣ ಸೊಪ್ಪು ಬಳಸುವುದಿಲ್ಲ. ಒದ್ದೆ ಮರಳು, ಸುತ್ತ ಕುಂಡದ ಜರಿಗಿಡದ ಹಸಿ ಎಲೆ, ಪ್ರತಿ ಭಾನುವಾರ ಹೊಸದು. ಪಕ್ಕದಲ್ಲಿ ಒಂದು ಲೋಟ ನೀರು. ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ಮರೆಯಬೇಡಿ.

ಆ ಮಾಲೆಯ ಕಥೆ ಮಕ್ಕಳಿಗೆ ತುಂಬಾ ಇಷ್ಟ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಅಂತ ಆ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಒಂದು ಹಳೇ ಗಾಡಿಚಕ್ರ ತೆಗೆದುಕೊಂಡು, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ಇಟ್ಟರು. ದಿನಕ್ಕೊಂದು ಹಚ್ಚುತ್ತಾ ಹೋದರು. ಈಗ ಎಲ್ಲ ಕಡೆ ಕಾಣುವ ನಾಲ್ಕು ಬತ್ತಿಯ ಮಾಲೆ ಅದರಿಂದ ಬಂದದ್ದು. ತಮ್ಮ ಹಾಗೇ ತಾಳ್ಮೆ ಇಲ್ಲದ ಮಕ್ಕಳಿಗಾಗಿ ಇದು ಹುಟ್ಟಿತು ಅಂತ ತಿಳಿದಾಗ ನಮ್ಮ ಮಕ್ಕಳು ಹರಿವಾಣದ ಹತ್ತಿರ ಸರಿದು ಕೂತರು.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಯಾಥೊಲಿಕ್ ಪದ್ಧತಿಯಲ್ಲಿ ಮೂರು ನೇರಳೆ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ, ಕ್ರಿಸ್ಮಸ್‌ಗೆ ನಡುವೆ ಬಿಳಿ. ನೇರಳೆ ಪಶ್ಚಾತ್ತಾಪದ ಬಣ್ಣ, ಗುಲಾಬಿ ಆನಂದದ್ದು. ನಮ್ಮ ಬೀದಿಯಲ್ಲಿ ನೇರಳೆ ಬತ್ತಿ ಸಿಗಲಿಲ್ಲ. ಬಿಳಿ ಬತ್ತಿಗೇ ರಿಬ್ಬನ್ ಕಟ್ಟಿದೆವು, ಅರ್ಧಕ್ಕಿಂತ ಕೆಳಗೆ. ಈಗಲೂ ಹಾಗೇ. ನಾಲ್ಕಕ್ಕೂ ನಿರೀಕ್ಷೆ, ಸಮಾಧಾನ, ಆನಂದ, ಪ್ರೀತಿ ಅಂತ ಹೆಸರಿಡುವವರು ಜಾಸ್ತಿ. ಪುಟ್ಟ ಮಕ್ಕಳಿಗೆ ಅದು ಹಿಡಿಯುವುದಿಲ್ಲ. ಇನ್ನೊಂದು ರೂಢಿಯೂ ಇದೆ: ಪ್ರವಾದಿಗಳ ಬತ್ತಿ, ಬೆತ್ಲೆಹೇಮಿನ ಬತ್ತಿ, ಕುರುಬರ ಬತ್ತಿ, ದೇವದೂತರ ಬತ್ತಿ. ನಾನು ಇದನ್ನೇ ಹಿಡಿದೆ. ಕುರುಬ ಅಂದರೆ ಮಗುವಿಗೆ ಮುಖ ಕಾಣುತ್ತದೆ.

ನಮ್ಮ ಸಂಜೆ ಪ್ರಾರ್ಥನೆ ಹನ್ನೆರಡು ಹದಿಮೂರು ನಿಮಿಷ. ಊಟಕ್ಕೆ ಮೊದಲು, ಹೊಟ್ಟೆ ತುಂಬಿದ ಮೇಲಲ್ಲ. ಮೊದಲು ಮನೆಯ ಎಲ್ಲ ಲೈಟ್ ಆರಿಸುತ್ತೇವೆ, ಫೋನುಗಳು ಬೇರೆ ಕೋಣೆಯಲ್ಲಿ. ಕತ್ತಲಲ್ಲಿ ಒಂದು ನಿಮಿಷ ಸುಮ್ನೆ ಕೂರುತ್ತೇವೆ. ನನ್ನ ಮಟ್ಟಿಗೆ ಇಡೀ ಪ್ರಾರ್ಥನೆಯಲ್ಲಿ ದೊಡ್ಡದು ಈ ನಿಮಿಷ. ಹ್ಯಾಂಬರ್ಗ್‌ನಲ್ಲಿ ಡಿಸೆಂಬರಿನ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಅಲ್ಲಿಯವರಿಗೆ ಕತ್ತಲೆ ತಾನಾಗಿ ಬರುತ್ತದೆ. ನಮಗೆ ಅದನ್ನು ಮಾಡಿಕೊಳ್ಳಬೇಕು. ಆಮೇಲೆ ಒಬ್ಬರು ಬತ್ತಿ ಹಚ್ಚುತ್ತಾರೆ, ಒಬ್ಬರು ಓದುತ್ತಾರೆ. ಹತ್ತು ವಚನಕ್ಕಿಂತ ಹೆಚ್ಚು ಓದುವುದಿಲ್ಲ. ಪ್ರತಿಯೊಬ್ಬರೂ ಒಂದೇ ಸಾಲಿನ ಪ್ರಾರ್ಥನೆ. ಗೀತೆ ಪುಸ್ತಕದ ಒಂದು ಆಗಮನದ ಹಾಡು, ವಾರಪೂರ್ತಿ ಅದೇ. ಶನಿವಾರದ ಹೊತ್ತಿಗೆ ಪುಸ್ತಕ ಬೇಕಾಗುವುದಿಲ್ಲ.

ಓದುಗಳನ್ನು ವಾರಕ್ಕೆ ನಾಲ್ಕಕ್ಕೆ ಇಳಿಸಿದೆ. ಉಳಿದ ದಿನ ಹಿಂದಿನದನ್ನೇ ಮತ್ತೆ ಓದುತ್ತೇವೆ. ಮೊದಲ ವಾರ ಪ್ರವಾದಿ ಯೆಶಾಯನ 9 ಮತ್ತು 11ನೇ ಅಧ್ಯಾಯದ ಭಾಗಗಳು, ಯೆರೆಮೀಯ 33. ಎರಡನೇ ವಾರ ಮೀಕ 5, ರೂತಳ ಕಥೆ, 1 ಸಮುವೇಲ 16ರಲ್ಲಿ ಬೆತ್ಲೆಹೇಮಿನ ಹುಡುಗ ದಾವೀದನ ಅಭಿಷೇಕ. ಮೂರು, ನಾಲ್ಕನೇ ವಾರ ಲೂಕನ ಸುವಾರ್ತೆಯ ಮೊದಲ ಅಧ್ಯಾಯ, ಕೊನೆಗೆ ಮತ್ತಾಯನಲ್ಲಿ ಯೋಸೇಫನ ಕನಸು. ಬೆತ್ಲೆಹೇಮ್ ಅಂದರೆ ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ರೊಟ್ಟಿಯ ಮನೆ. ರೂತಳು ಜವೆಗೋಧಿಯ ತೆನೆ ಆಯ್ದದ್ದು ಅದೇ ಊರಿನ ಹೊಲದಲ್ಲಿ. ಆ ಸಂಜೆ ನಮ್ಮಲ್ಲಿ ಅಕ್ಕಿರೊಟ್ಟಿ. ತನಗೆ ಮಗು ಹುಟ್ಟುತ್ತದೆ ಎಂಬ ದೇವದೂತನ ಮಾತನ್ನು ನಂಬದ ಮುದುಕ ಯಾಜಕ ಜಕರೀಯನ ಮಾತು ನಿಂತುಹೋದ ಭಾಗ ಓದಿದ ದಿನ ಮಲಗುವ ತನಕ ಯಾರೂ ಮಾತಾಡುವ ಹಾಗಿಲ್ಲ, ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯಬೇಕು. ಒಂದು ಸಲ ಚಿಕ್ಕವಳು ಬರೆದದ್ದು ಹೀಗಿತ್ತು: ‘ಅವರಿಗೆ ಮಗು ಹುಟ್ಟಿ ಹೆಸರಿಡೋ ತನಕ ಹೀಗೇನಾ?’ ಹೌದು ಅಂತ ತಲೆ ಆಡಿಸಿದೆ. ಅವಳು ಸ್ಲೇಟ್ ಕೆಳಗಿಟ್ಟು ತುಂಬಾ ಹೊತ್ತು ಯೋಚಿಸುತ್ತಾ ಕೂತಿದ್ದಳು.

ಇಷಯನ ಮರ ಅಂತ ಇನ್ನೊಂದು ಸಂಪ್ರದಾಯವಿದೆ. ಇಷಯ ದಾವೀದನ ತಂದೆ. ಕಡಿದ ಬುಡದಿಂದ ಚಿಗುರು ಒಡೆಯುತ್ತದೆ ಎಂದು ಯೆಶಾಯ 11ರಲ್ಲಿ ಬರುತ್ತದಲ್ಲ, ಅದೇ. ಒಂದು ಒಣ ಕೊಂಬೆಗೆ ಸತ್ಯವೇದದ ಕಥೆಗಳ ಗುರುತುಗಳನ್ನು ಒಂದೊಂದಾಗಿ ತೂಗುಹಾಕುವುದು. ನಮ್ಮದು ಸೀಬೆ ಕೊಂಬೆ, ಕುಂಡದ ಮಣ್ಣಿನಲ್ಲಿ ನೆಟ್ಟದ್ದು. ಗುರುತುಗಳನ್ನು ಮಕ್ಕಳು ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚುತ್ತಾರೆ. ನೋಹನ ನಾವೆ, ಅಬ್ರಹಾಮನ ನಕ್ಷತ್ರಗಳು, ಯಾಕೋಬನ ಏಣಿ, ರೂತಳ ತೆನೆ, ದಾವೀದನ ಕಿನ್ನರಿ. ರಹಾಬಳ ಕೆಂಪು ಹಗ್ಗ ಬಂದಾಗ ಮಗ ಅವಳು ಯಾರು ಅಂತ ಕೇಳಿದ. ಯೆಹೋಶುವನ ಪುಸ್ತಕದಲ್ಲಿ ಅವಳನ್ನು ವೇಶ್ಯೆ ಎಂದೇ ಕರೆದಿದೆ. ನಾನು ಹೇಳಲೋ ಬೇಡವೋ ಅಂತ ತಡವರಿಸಿದೆ. ಅತ್ತೆ ನೇರವಾಗಿ ಹೇಳಿದರು, ‘ಊರಿನವರು ಕೀಳಾಗಿ ನೋಡುತ್ತಿದ್ದ ಹೆಂಗಸು. ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ, ಮತ್ತಾಯನಲ್ಲಿ ತೆಗೆದು ನೋಡು.’ ಅವನು ತೆಗೆದು ನೋಡಿದ. ತಾಮಾರ, ರಹಾಬ, ರೂತ್, ಊರೀಯನ ಹೆಂಡತಿ ಎಂದು ಬೆರಳಿಟ್ಟು ಎಣಿಸಿದ. ಹಾರಿಸಿಬಿಡುವ ಹೆಸರಿನ ಪಟ್ಟಿ ಅಂತ ನಾನು ಅಂದುಕೊಂಡಿದ್ದ ಭಾಗ ಅದು.

ಈಗ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ತೋರಿಸುವುದು; ಮಗುವನ್ನು ಮಲಗಿಸುವ ಮೇವಿನ ತೊಟ್ಟಿಗೂ ಅದೇ ಹೆಸರು. ಇದು ಪೂರ್ತಿ ಅತ್ತೆಯ ಮನೆಯಿಂದ ಬಂದದ್ದು. ನನ್ನ ತವರಿನಲ್ಲಿ ನಕ್ಷತ್ರ ಕಟ್ಟುತ್ತಿದ್ದರು, ಗೋದಲಿ ಇಡುತ್ತಿರಲಿಲ್ಲ. ನಮ್ಮಲ್ಲಿ ಮೊದಲ ಭಾನುವಾರ ಕೊಟ್ಟಿಗೆ ಮಾತ್ರ ಬರುತ್ತದೆ, ಒಳಗೆ ಖಾಲಿ ಗೋದಲಿ. ಆಮೇಲೆ ದನ, ಕತ್ತೆ. ಮರಿಯಳೂ ಯೋಸೇಫನೂ ಪುಸ್ತಕದ ಶೆಲ್ಫಿನಿಂದ ಹೊರಟು ದಿನಕ್ಕೊಂದು ಗೇಣು ಸರಿಯುತ್ತಾ ಬರುತ್ತಾರೆ. ನಕ್ಷತ್ರ ನೋಡಿ ಮಗುವನ್ನು ಕಾಣಲು ಮೂಡಣದಿಂದ ಬಂದ ಜೋಯಿಸರು ಅಡುಗೆಮನೆಯ ಕಿಟಕಿಯಲ್ಲೇ. ಅವರು ತಲುಪುವುದು ಜನವರಿ 6ಕ್ಕೆ. ಮಗುವಿನ ಗೊಂಬೆ 24ರ ರಾತ್ರಿಯ ತನಕ ನನ್ನ ಬೀರುವಿನಲ್ಲಿ, ಬಿಳಿ ಕರವಸ್ತ್ರದಲ್ಲಿ ಸುತ್ತಿಟ್ಟಿರುತ್ತದೆ.

ಆ ಖಾಲಿ ಗೋದಲಿಗೆ ಹುಲ್ಲು ತುಂಬುವ ಪದ್ಧತಿ ಇದೆ. ಒಂದು ಒಳ್ಳೆ ಕೆಲಸಕ್ಕೆ ಒಂದು ಎಸಳು. ಹಣ್ಣಿನ ಅಂಗಡಿಯ ಪೆಟ್ಟಿಗೆಗಳಲ್ಲಿ ಬರುವ ಬೈಹುಲ್ಲು ಕೇಳಿ ತಂದೆ. ಒಂದೇ ವಾರದಲ್ಲಿ ಲೆಕ್ಕ ಶುರುವಾಯಿತು. ‘ನನ್ನದು ಹದಿನಾಲ್ಕು, ಅವಳದು ಒಂಬತ್ತು.’ ಜಗಳ, ಅಳು. ಮಗುವಿಗೆ ಹಾಸಿಗೆ ಮಾಡುವ ಕೆಲಸ ಅಂಕಪಟ್ಟಿಯಾಗಿ ಹೋಯಿತು. ಆ ವರ್ಷ ನಡುವೆಯೇ ನಿಲ್ಲಿಸಿದೆ. ಮರುವರ್ಷ ನಿಯಮ ತಿರುಗಿಸಿದೆ. ನೀವು ಮಾಡಿದ್ದಕ್ಕೆ ಹುಲ್ಲು ಬೇಡ, ನಿಮಗೆ ಬೇರೆಯವರು ಮಾಡಿದ್ದಕ್ಕೆ ಹಾಕಿ. ಯಾರೂ ನೋಡದಾಗ ಹಾಕಿ, ಎಣಿಸಬೇಡಿ. ಮಕ್ಕಳು ಮನೆಯಲ್ಲಿ ಯಾರು ಏನು ಮಾಡುತ್ತಾರೆ ಅಂತ ಗಮನಿಸತೊಡಗಿದರು. ಕಸದ ಗಾಡಿಯ ಅಕ್ಕ ಇವರು ಬೀಳಿಸಿದ ಚೀಲ ಎತ್ತಿಕೊಟ್ಟದ್ದಕ್ಕೂ ಒಂದು ಎಸಳು ಬಿತ್ತು. ನಾನು ಕದ್ದು ಹಾಕಿದವೂ ಕೆಲವಿವೆ. ಈ ಬದಲಾವಣೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಭತ್ತ. ಕರಾವಳಿಯ ಮನೆಗಳಲ್ಲಿ ಗೋದಲಿಯ ಮುಂದೆ ಹಸಿರು ಗದ್ದೆ ಇರಬೇಕು ಅಂತ ತಟ್ಟೆಯಲ್ಲಿ ಭತ್ತ ಅಥವಾ ರಾಗಿ ಬಿತ್ತುತ್ತಾರೆ. ಅತ್ತೆ ಹೇಳಿಕೊಟ್ಟ ಕ್ರಮ ಇದು: ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಗೋಣಿಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲಿನ ಭಾರ. ಎರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಮಣ್ಣು ಮರಳು ಬೆರೆಸಿದ ತಟ್ಟೆಯಲ್ಲಿ ಒತ್ತೊತ್ತಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಬೇಕು. ಕಾರ್ಕಳದ ಲೆಕ್ಕದಲ್ಲಿ ಡಿಸೆಂಬರ್ 13ರ ಸುಮಾರಿಗೆ ಬಿತ್ತಿದರೆ ಸಾಕು. ಬೆಂಗಳೂರಿನ ಚಳಿಗೆ ಅದು ಸಾಲಲಿಲ್ಲ. ಮೊದಲ ಸಲ ಹಬ್ಬದ ದಿನ ನಮ್ಮ ಗದ್ದೆ ಒಂದೇ ಇಂಚು. ಈಗ 8ಕ್ಕೇ ಬಿತ್ತುತ್ತೇವೆ, ಬಿಸಿಲು ಬೀಳುವ ಬಾಲ್ಕನಿಯಲ್ಲಿ. ಕ್ರೊಯೇಷಿಯಾ, ಹಂಗೇರಿಯಲ್ಲೂ ಹೀಗೇ ಡಿಸೆಂಬರ್ 13ರ ಸಂತ ಲೂಸಿಯಾಳ ಹಬ್ಬಕ್ಕೆ ಗೋಧಿ ಬಿತ್ತುತ್ತಾರೆ ಅಂತ ಆಮೇಲೆ ತಿಳಿದು ನನಗೆ ಎಷ್ಟು ಸಂತೋಷವಾಯಿತು!

ನನಗೆ ಎಲ್ಲ ಗುರುತುಗಳಿಗಿಂತ ಈ ತಟ್ಟೆಯೇ ಹೆಚ್ಚು. ಹಿಮದ ನಾಡಿನಲ್ಲಿ ಡಿಸೆಂಬರಿಗೆ ಹೆಚ್ಚಿನ ಮರಗಳು ಬೋಳು. ಅಲ್ಲಿ ಒಂದು ಹಸಿರು ರೆಂಬೆ ಮನೆಗೆ ತಂದರೆ ಅದು ಸಾಯದ ಜೀವದ ಮಾತು ಹೇಳುತ್ತದೆ. ನಮ್ಮ ಮಾವು, ಹಲಸು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಇಲ್ಲಿನ ಮಗುವಿಗೆ ಹಸಿರು ರೆಂಬೆಯಲ್ಲಿ ಹೊಸದೇನೂ ಕಾಣುವುದಿಲ್ಲ. ಒಣ ಭತ್ತ ಮೊಳೆಯುವುದು ಮಾತ್ರ ಅದಕ್ಕೆ ಕಾಣುತ್ತದೆ. ಮೂರು ದಿನ ಏನೂ ಆಗುವುದಿಲ್ಲ. ಮಗಳು ಎದ್ದ ಕೂಡಲೇ ಬಾಲ್ಕನಿಗೆ ಓಡುತ್ತಾಳೆ, ಬೆರಳಿಂದ ಕೆದಕಬೇಡ ಅಂತ ನಾನು ಕೂಗುತ್ತೇನೆ. ನಾಲ್ಕನೇ ದಿನ ಸೂಜಿಯ ಹಾಗೆ ಒಂದು ತುದಿ. ಇಷಯನ ಬುಡದ ಚಿಗುರಿನ ವಚನವನ್ನು ಆ ದಿನಕ್ಕೆ ಮತ್ತೊಮ್ಮೆ ಓದಲು ಎತ್ತಿಟ್ಟಿರುತ್ತೇನೆ.

ಮಾವ ತೀರಿಕೊಂಡದ್ದು ಒಂದು ನವೆಂಬರಿನಲ್ಲಿ. ಮೂರನೇ ವಾರಕ್ಕೆ ಆಗಮನ ಕಾಲ ಬಂತು. ಈ ಸಲ ಬೇಡ ಅಂದುಕೊಂಡೆವು. ಅತ್ತೆ ನಮ್ಮ ಮನೆಯಲ್ಲಿದ್ದರು. ಶನಿವಾರ ಸಂಜೆ ಅವರೇ ಹರಿವಾಣ ತೆಗೆದು ತಿಕ್ಕುತ್ತಾ ಕೂತಿದ್ದರು. ಮೊದಲ ಭಾನುವಾರದ ಓದು ಬೆತ್ಲೆಹೇಮಿನದಲ್ಲ, ಕರ್ತನಾದ ಯೇಸು ಮತ್ತೆ ಬರುವ ದಿನದ್ದು. ಎಚ್ಚರವಾಗಿರಿ, ಮನೆಯ ಯಜಮಾನ ಯಾವ ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲ ಎಂಬ ಮಾರ್ಕನ 13ನೇ ಅಧ್ಯಾಯದ ಭಾಗ. ಮಕ್ಕಳಿಗೆ ಕಷ್ಟ ಅಂತ ನಾನು ಅದನ್ನು ಪ್ರತಿ ವರ್ಷ ಬಿಟ್ಟುಬಿಡುತ್ತಿದ್ದೆ. ಆ ದಿನ ಓದಿದೆ. ಮುಗಿದ ಮೇಲೆ ಅತ್ತೆ ಕತ್ತಲಲ್ಲಿ, ‘ಇನ್ನೊಂದು ಸಲ ಓದು’ ಅಂದರು. ಮತ್ತೆ ಓದಿದೆ. ಆ ನಾಲ್ಕು ವಾರ ಪ್ರತಿ ಸಂಜೆ ಬತ್ತಿ ಹಚ್ಚಿದವರು ಅವರೇ. ಅಂದಿನಿಂದ ಮೊದಲ ಭಾನುವಾರ ಆ ಓದನ್ನು ಬಿಟ್ಟಿಲ್ಲ.

ದೊಡ್ಡವನಿಗೆ ಈಗ ಹದಿನಾರು. ರಟ್ಟು ಕತ್ತರಿಸುವ ವಯಸ್ಸು ದಾಟಿತು. ಅವನಿಗೆ ಓದು ಆರಿಸುವ ಕೆಲಸ ಕೊಟ್ಟಿದ್ದೇವೆ. ಎರಡು ಸಾವಿರ ವರ್ಷ ಕಾದರೂ ಯೇಸು ಯಾಕೆ ಮತ್ತೆ ಬಂದಿಲ್ಲ ಅಂತ ಒಮ್ಮೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ, ಹಾಗೆಂದೇ ಹೇಳಿದೆ. ಮರುದಿನ ಅವನು ಆರಿಸಿದ್ದು 13ನೇ ಕೀರ್ತನೆ. ಎಷ್ಟು ಕಾಲ, ಎಷ್ಟು ಕಾಲ ಅಂತ ದೇವರನ್ನೇ ಕೇಳುವ ಕೀರ್ತನೆ ಅದು.

ಕೆಲವು ವರ್ಷ ನಾಲ್ಕನೇ ವಾರ ತುಂಬಾ ಚಿಕ್ಕದಾಗುತ್ತದೆ. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24. ಬೆಳಿಗ್ಗೆ ಗುಡಾಣದಂಥ ಕುಕ್ಕರಿನಲ್ಲಿ ಇಡ್ಲಿ ಬೇಯುತ್ತಿರುವಾಗ ನಾಲ್ಕನೇ ಬತ್ತಿ, ರಾತ್ರಿ ಚರ್ಚಿನ ಪೂಜೆಯಿಂದ ಬಂದ ಮೇಲೆ ನಡುವಿನ ಬಿಳಿ ಬತ್ತಿ. ಮೊದಲ ಬತ್ತಿ ಅಷ್ಟರಲ್ಲಿ ಗಿಡ್ಡವಾಗಿ ರಿಬ್ಬನ್ನಿನ ಹತ್ತಿರ ಬಂದಿತ್ತು. ಮಗಳು ಬೀರುವಿನಿಂದ ಕರವಸ್ತ್ರದ ಗಂಟು ತಂದು ಬಿಚ್ಚಿದಳು. ಗೋದಲಿಯಲ್ಲಿ ಹುಲ್ಲು ದಪ್ಪಗೆ ತುಂಬಿತ್ತು. ಮಗುವನ್ನು ಇಡುವ ಮೊದಲು ಅಂಗೈಯಿಂದ ಒತ್ತಿ, ಮೆತ್ತಗಿದೆಯಾ ಅಂತ ನೋಡಿದಳು.