ಲಿಬ್‌ಜಿಡಿಎಕ್ಸ್ ಟೆಂಪ್ಲೇಟ್‌ನಿಂದ ಗೇಮ್ ಪ್ರಾಜೆಕ್ಟ್: ಮೊದಲು ಬರೀ ಲೋಗೋ ಓಡಲಿ

ಡೆಸ್ಕ್‌ಟಾಪ್, ಆಂಡ್ರಾಯ್ಡ್, ಬ್ರೌಸರ್ ಮೂರಕ್ಕೂ ಒಂದೇ ಜಾವಾ ಕೋಡಿನಿಂದ ಗೇಮ್ ಕಟ್ಟಲು ನಾನು ಬಳಸುವುದು ಲಿಬ್‌ಜಿಡಿಎಕ್ಸ್ ಎಂಬ ಫ್ರೇಮ್‌ವರ್ಕ್. ಪ್ರಾಜೆಕ್ಟನ್ನು ಜಿಡಿಎಕ್ಸ್-ಲಿಫ್ಟ್‌ಆಫ್ ಎಂಬ ಟೂಲ್ ಹುಟ್ಟಿಸಿಕೊಡುತ್ತದೆ. ಆಟದ ಒಂದು ಸಾಲನ್ನೂ ಬರೆಯದೆ, ಟೆಂಪ್ಲೇಟ್ ಕೊಟ್ಟ ಲೋಗೋ ಪರದೆಯನ್ನೇ ಮೊದಲ ದಿನ ಮೂರೂ ಕಡೆ ಬಿಲ್ಡ್ ಮಾಡಿ ಓಡಿಸಿ ನೋಡುತ್ತೇನೆ. ಆಗ ಬರುವ ಎರರ್ ಯಾವುದಿದ್ದರೂ ಅದು ಸೆಟಪ್‌ನದ್ದೇ. ಎರಡು ತಿಂಗಳ ಕೋಡ್ ಸೇರಿದ ಮೇಲೆ ಅದೇ ಎರರ್ ಬಂದರೆ ಎಲ್ಲಿಂದ ಹುಡುಕುವುದೆಂದೇ ತಿಳಿಯುವುದಿಲ್ಲ.

ಫೋಲ್ಡರ್ ಹೆಸರಿನಿಂದಲೇ ಎಚ್ಚರ ಬೇಕು. ವಿಂಡೋಸ್‌ನಲ್ಲಿ ಪ್ರಾಜೆಕ್ಟಿನ ದಾರಿಯಲ್ಲಿ ಎಲ್ಲಾದರೂ ಕನ್ನಡ ಅಕ್ಷರದ ಫೋಲ್ಡರ್ ಇದ್ದರೆ ಆಂಡ್ರಾಯ್ಡ್ ಬಿಲ್ಡ್ ತಕರಾರು ತೆಗೆಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲೇ, ಸ್ಪೇಸ್ ಇಲ್ಲದಂತೆ ಇಡಿ. ಪ್ಯಾಕೇಜ್ ಹೆಸರನ್ನೂ, ಅಂದರೆ ಆ್ಯಪ್‌ನ ಐಡಿಯಾಗುವ ಹೆಸರನ್ನೂ, ಆಗಲೇ ತೀರ್ಮಾನಿಸಿ. 'ಕಾಮ್ ಡಾಟ್ ಎಕ್ಸಾಂಪಲ್' ಎಂದು ಶುರುವಾಗುವ ಹೆಸರನ್ನು ಪ್ಲೇ ಸ್ಟೋರ್ ಒಪ್ಪುವುದಿಲ್ಲ, ಒಮ್ಮೆ ಪ್ರಕಟವಾದ ಆ್ಯಪ್‌ನ ಐಡಿಯನ್ನು ಬದಲಿಸಲೂ ಬರುವುದಿಲ್ಲ.

ಜಾವಾ ಕೋಡನ್ನು ಕಂಪೈಲ್ ಮಾಡುವ ಜೆಡಿಕೆ 17 ಹಾಕಿಕೊಳ್ಳಿ. ಬಿಲ್ಡ್ ಮಾಡುವ ಟೂಲ್ ಗ್ರೇಡಲ್, ಅದರ ಆಂಡ್ರಾಯ್ಡ್ ಪ್ಲಗಿನ್ 8ಕ್ಕೆ ಕನಿಷ್ಠ ಈ ಜೆಡಿಕೆ ಬೇಕು. ಜೆಡಿಕೆ 21 ಇದ್ದು ಗ್ರೇಡಲ್ 8.5ಕ್ಕಿಂತ ಹಳೆಯದಾದರೆ 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65' ಎಂಬ ಎರರ್ ಬರುತ್ತದೆ. 65 ಅಂದರೆ ಜಾವಾ 21. ನಿಮ್ಮ ಕೋಡಿನಲ್ಲಿ ತಪ್ಪೇನೂ ಇರುವುದಿಲ್ಲ. ಆಂಡ್ರಾಯ್ಡ್ ಎಸ್‌ಡಿಕೆ (ಆ್ಯಪ್ ಕಟ್ಟುವ ಸಲಕರಣೆಗಳ ಕಟ್ಟು) ಎಲ್ಲಿದೆ ಎಂಬುದನ್ನು ಲೋಕಲ್ ಡಾಟ್ ಪ್ರಾಪರ್ಟೀಸ್ ಫೈಲಿನಲ್ಲಿ ಬರೆಯುವಾಗ ವಿಂಡೋಸ್‌ನ ಬ್ಯಾಕ್‌ಸ್ಲ್ಯಾಶ್ ಪ್ರತಿಯೊಂದನ್ನೂ ಎರಡೆರಡು ಸಲ ಹಾಕಬೇಕು. ಈ ಫೈಲು ನಿಮ್ಮ ಕಂಪ್ಯೂಟರಿಗೆ ಮಾತ್ರ ಸೇರಿದ್ದು, ಕೋಡ್ ಕಾಪಿಡುವ ಗಿಟ್‌ಗೆ ಹೋಗಬಾರದು.

ಟೆಂಪ್ಲೇಟ್‌ನಲ್ಲಿ ಕೋರ್ ಎಂಬ ಮಾಡ್ಯೂಲಿನಲ್ಲಿ ಆಟ ಇರುತ್ತದೆ. ಉಳಿದವು ಆಯಾ ವೇದಿಕೆಯಲ್ಲಿ ಅದನ್ನು ಎಬ್ಬಿಸುವ ಪುಟ್ಟ ಲಾಂಚರ್‌ಗಳು. ಐಓಎಸ್ ಬಿಲ್ಡ್‌ಗೆ ಮ್ಯಾಕ್ ಬೇಕೇ ಬೇಕು, ಇಲ್ಲದವರು ಲಿಫ್ಟ್‌ಆಫ್‌ನಲ್ಲಿ ಅದರ ಟಿಕ್ ತೆಗೆದುಬಿಡಿ. ಚಿತ್ರ, ಧ್ವನಿಗಳೆಲ್ಲ ಒಂದೇ ಅಸೆಟ್ಸ್ ಫೋಲ್ಡರಿನಲ್ಲಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ: ಫೈಲಿನ ಹೆಸರು ದೊಡ್ಡಕ್ಷರದ 'ಎಚ್'ನಿಂದ ಶುರುವಾಗಿ ಕೋಡಿನಲ್ಲಿ ಚಿಕ್ಕಕ್ಷರ ಇದ್ದರೂ ವಿಂಡೋಸ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಫೋನಿಗೆ ಹಾಕಿದ ಕೂಡಲೇ ಫೈಲ್ ಸಿಗಲಿಲ್ಲವೆಂದು ಕ್ರ್ಯಾಶ್ ಆಗುತ್ತದೆ. ಅಸೆಟ್‌ಗಳ ಹೆಸರನ್ನೆಲ್ಲ ಚಿಕ್ಕಕ್ಷರದಲ್ಲೇ ಇಡಿ, ಮುಗಿಯಿತು. ಧ್ವನಿಗೂ ಮಿತಿಯಿದೆ: ಸೌಂಡ್ ಕ್ಲಾಸ್‌ಗೆ ಆಂಡ್ರಾಯ್ಡ್‌ನಲ್ಲಿ 1 ಎಂಬಿ ಗಡಿ, ಉದ್ದನೆಯದಕ್ಕೆ ಮ್ಯೂಸಿಕ್ ಕ್ಲಾಸ್ ಬಳಸಿ. ಐಓಎಸ್‌ನಲ್ಲಿ ಓಜಿಜಿ ಬಗೆಯ ಧ್ವನಿ ಫೈಲನ್ನು ಲಿಬ್‌ಜಿಡಿಎಕ್ಸ್ ನುಡಿಸುವುದಿಲ್ಲ.

ಬ್ರೌಸರ್ ಬಿಲ್ಡ್ ಬೇರೆಯದೇ ಜಾತಿ. ಜಿಡಬ್ಲ್ಯುಟಿ ಎಂಬ ಟೂಲ್ ನಿಮ್ಮ ಜಾವಾ ಸೋರ್ಸನ್ನೇ ಜಾವಾಸ್ಕ್ರಿಪ್ಟ್‌ಗೆ ತಿರುಗಿಸುತ್ತದೆ. ಹಾಗಾಗಿ ಹಲವು ಕೆಲಸ ಒಟ್ಟಿಗೆ ಓಡಿಸುವ ಥ್ರೆಡ್ ಇಲ್ಲ, ಪಠ್ಯದಲ್ಲಿ ಬೆಲೆಗಳನ್ನು ತುಂಬುವ ಸ್ಟ್ರಿಂಗ್ ಡಾಟ್ ಫಾರ್ಮ್ಯಾಟ್ ಕೂಡ ಇಲ್ಲ. ಹೊರಗಿನ ಲೈಬ್ರರಿ ಸೇರಿಸಿದರೆ ಅದರ ಮೂಲ ಕೋಡ್ ಇರುವ ಸೋರ್ಸ್ ಜಾರ್ ಫೈಲ್ ಕೂಡ ಬೇಕು. ಹಂಚಲು ಸಿದ್ಧವಾದ ಫೈಲುಗಳನ್ನು ಕೊಡುವ ಡಿಸ್ಟ್ ಟಾಸ್ಕ್ ಮುಗಿದ ಮೇಲೆ ಇಂಡೆಕ್ಸ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಆಟ ಲೋಡ್ ಆಗುವುದಿಲ್ಲ, ಪೈಥಾನ್‌ನ ಪುಟ್ಟ ಸರ್ವರ್ ಮೂಲಕ ತೆರೆಯಿರಿ. ಆಟಗಾರ ಒಮ್ಮೆ ಮುಟ್ಟುವವರೆಗೆ ಬ್ರೌಸರ್ ಸದ್ದು ಹೊರಡಿಸುವುದಿಲ್ಲ, ಅದಕ್ಕೇ ಶುರುವಿನಲ್ಲಿ ಒಂದು ಬಟನ್ ಇಡುವುದು ಒಳ್ಳೆಯದು.

ಇನ್ನು ನಮ್ಮ ಅಕ್ಷರಗಳ ವಿಷಯ. ಲಿಬ್‌ಜಿಡಿಎಕ್ಸ್‌ನ ಬಿಟ್‌ಮ್ಯಾಪ್ ಫಾಂಟ್ ಒಂದೊಂದು ಕೋಡ್‌ಗೆ ಒಂದೊಂದು ಆಕಾರವನ್ನು ಸಾಲಾಗಿ ಜೋಡಿಸುತ್ತದೆ, ಅಷ್ಟೇ. ಒತ್ತಕ್ಷರ ಕೂಡಿಸುವ ಶೇಪಿಂಗ್ ಅದಕ್ಕೆ ಗೊತ್ತಿಲ್ಲ. 'ಪ್ರಾರಂಭ' ಎಂದು ಬರೆಯಿಸಿದರೆ ರ ಒತ್ತಾಗಿ ಕೂಡಿಕೊಳ್ಳದೆ ಪಕ್ಕದಲ್ಲಿ ಇಡೀ ಅಕ್ಷರವಾಗಿ ನಿಲ್ಲುತ್ತದೆ, ನಡುವೆ ಹಲಂತದ ಗುರುತು ಬಿಡಿಯಾಗಿ ತೇಲುತ್ತದೆ. 'ಕಿ'ಯಂಥ ಸರಳ ಗುಣಿತವೂ ಕ ಮತ್ತು ಗುಡಿಸಾಗಿ ಒಡೆಯುತ್ತದೆ. ಕನ್ನಡದ ಮಕ್ಕಳು ಆಡುವ ಆಟದಲ್ಲಿ ಇಂಥ ಅಕ್ಷರ ಕಾಣಿಸಲೇಬಾರದು.

ನಾನು ಹೀಗೆ ಮಾಡಿದೆ: ಬದಲಾಗದ ಪದಗಳನ್ನೆಲ್ಲ ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಿಂದ ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಿ, ಒಂದೇ ಅಟ್ಲಾಸ್‌ಗೆ (ಹಲವು ಚಿತ್ರಗಳು ಕೂಡಿದ ಒಂದು ದೊಡ್ಡ ಚಿತ್ರಕ್ಕೆ) ಸೇರಿಸಿದೆ. ಇಂಕ್‌ಸ್ಕೇಪ್ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಆಡುವಾಗ ಬದಲಾಗುತ್ತಲೇ ಇರುವುದು ಅಂಕ ಮಾತ್ರ. ೦ರಿಂದ ೯ರವರೆಗಿನ ಅಂಕಿಗಳು ಒಂದಕ್ಕೊಂದು ಬೆಸೆಯುವುದಿಲ್ಲವಾದ್ದರಿಂದ ಅವಕ್ಕೆ ಬಿಟ್‌ಮ್ಯಾಪ್ ಫಾಂಟ್ ಧಾರಾಳ ಸಾಕು. ಈ ಹತ್ತು ಅಂಕಿಗಳ ಫಾಂಟನ್ನು ಹಿಯೆರೋ ಟೂಲ್‌ನಲ್ಲಿ ಮೊದಲೇ ತಯಾರಿಸಿ ಇಟ್ಟುಕೊಳ್ಳಿ, ಏಕೆಂದರೆ ಆಟ ಓಡುವಾಗಲೇ ಫಾಂಟ್ ತಯಾರಿಸುವ ಫ್ರೀಟೈಪ್ ಎಕ್ಸ್‌ಟೆನ್ಷನ್ ಜಿಡಬ್ಲ್ಯುಟಿಯಲ್ಲಿ ಕೆಲಸ ಮಾಡುವುದಿಲ್ಲ. 'ಅಂಕ' ಎಂಬ ಚಿತ್ರದ ಪಕ್ಕದಲ್ಲಿ ಅಂಕಿ ಬರೆಸಿ. ಎರಡರ ಪಾದರೇಖೆ ಹೊಂದದಿದ್ದರೆ ಚಿತ್ರದ ವೈ ಸ್ಥಾನವನ್ನು ಮೂರು-ನಾಲ್ಕು ಪಿಕ್ಸೆಲ್ ಸರಿಸಿ ನೋಡಿ.